ಕರಿಯುಣ್ಣೆಯ ನೂಲು ಕಟ್ಟಿದ ಜಾಗ

ಪ್ಲೇಗಿನ ಶೆಡ್ಡುಗಳಿಂದ ಜನ ಮನೆಗಳಿಗೆ ಮರಳಿದ ವರ್ಷ, ವಾರಕ್ಕೊಮ್ಮೆ ಚಳ್ಳಕೆರೆಗೆ ಬಂದು ಚಾವಡಿಯಲ್ಲಿ ಕೂರುತ್ತಿದ್ದ ಡಾಕ್ಟರು ನನ್ನಿವಾಳದ ಯರ್ರಮ್ಮನಿಗೆ ಒಂದು ಅಪ್ಪಣೆ ಕೊಟ್ಟರು. ಮುರಿದ ಮೂಳೆಗೆ ಕಟ್ಟಿದ ಪಟ್ಟಿ ಬಿಚ್ಚಿದ ಮೇಲೆ ಬಿಗಿದುಕೊಂಡ ಕೈಕಾಲುಗಳಿಗೆ ಅವಳು ಎಣ್ಣೆ ಹಚ್ಚಿ ತಿಕ್ಕಬಹುದು. ಮೂಳೆ ಎಳೆಯಬಾರದು, ಊತಕ್ಕೆ ಕೈ ಹಾಕಬಾರದು. ಸುತ್ತಲಿನ ಹಳ್ಳಿಗಳಲ್ಲಿ ತಿಕ್ಕುವವರು ಬೇಕಾದಷ್ಟಿದ್ದರು. ಅಪ್ಪಣೆ ಇದ್ದದ್ದು ಇವಳೊಬ್ಬಳಿಗೇ.

ಆ ಕಟ್ಟಳೆ ಯರ್ರಮ್ಮನಿಗೆ ಅವಮಾನವೆನಿಸಲಿಲ್ಲ. ಹಿಂದೆ ಅವಳು ಎಳೆದ ಮೂಳೆಗಳಲ್ಲಿ ಕೂಡಿದ್ದವೂ ಇದ್ದವು, ಸೊಟ್ಟಗಾದವೂ ಇದ್ದವು; ಕೂಡಿದ್ದು ತನ್ನ ಕೈಯಿಂದಲೋ ಕಾಲದಿಂದಲೋ ಎಂಬುದು ಅವಳಿಗೇ ಖಚಿತವಿರಲಿಲ್ಲ. ಅಂದಿನಿಂದ ಊತವೋ ಮುರಿತವೋ, ತನ್ನದಲ್ಲದ ಜಾಗ ಕಂಡರೆ ಅಲ್ಲಿಗೆ ಕಂಬಳಿಯ ಕರಿಯುಣ್ಣೆಯ ನೂಲೊಂದನ್ನು ಕಟ್ಟಿ, "ಇದು ಡಾಕ್ಟರದ್ದು" ಎಂದು ಕಳಿಸುತ್ತಿದ್ದಳು. ಗಂಡ ಸತ್ತು ತನ್ನ ಮನೆ ಸೇರಿದ್ದ ತಂಗಿ ರಂಗಕ್ಕನಿಗೆ ನೀವುವುದನ್ನೂ ಒತ್ತುವುದನ್ನೂ ಕಲಿಸಿದಂತೆ ನೂಲಿನ ಮರ್ಯಾದೆಯನ್ನೂ ಕಲಿಸಿದ್ದಳು.

ಕಂಬಳಿ ವ್ಯಾಪಾರದ ಜಯದೇವಪ್ಪನವರ ಹೆಂಡತಿ ಅನ್ನಪೂರ್ಣಮ್ಮ ಹಿತ್ತಲಲ್ಲಿ ಜಾರಿ ಮಣಿಕಟ್ಟು ಊದಿಸಿಕೊಂಡಾಗಲೂ ಯರ್ರಮ್ಮ ನೂಲು ಕಟ್ಟಿದಳು.

"ಪರಗಂಡ್ಸಿನ ಮುಂದೆ ಕೈ ನೀಡಾದು ಹೆಂಗೆ? ನೀನೇ ಎಳ್ದುಬಿಡೆ," ಎಂದರು ಅನ್ನಪೂರ್ಣಮ್ಮ.

"ನನ್ನಿಂದ ಆಗಲ್ರಿ. ನಿಮ್ಮೆಜಮಾನ್ರೂ ಡಾಕ್ಟರಿಗೇ ತೋರ್ಸು ಅಂದಾರೆ."

ಯರ್ರಮ್ಮ ಹೋದ ಮೇಲೆ ಅನ್ನಪೂರ್ಣಮ್ಮ ಗುಟ್ಟಾಗಿ ರಂಗಕ್ಕನನ್ನು ಕರೆಸಿದರು. ಅವಳು ಅಡಕತ್ತರಿಯಿಂದ ನೂಲು ಕತ್ತರಿಸಿ, ಮಣಿಕಟ್ಟು ಎಳೆದಳು. ಕೈ ಓರೆಯಾಗಿ ಕೂಡಿತು.

ಜಯದೇವಪ್ಪನವರು ಹೆಂಡತಿಯನ್ನು ಚಾವಡಿಗೆ ಕರೆತಂದರು. ತಿಕ್ಕುವ ಕೆಲಸಕ್ಕೆಂದು ಯರ್ರಮ್ಮನೂ ಬಂದಿದ್ದಳು; ಎಣ್ಣೆ ಬಟ್ಟಲು ಹಿಡಿದು ರಂಗಕ್ಕ ಕಂಬದ ಬಳಿ ನಿಂತಿದ್ದಳು.

"ಇದನ್ನು ಎಳೆದವರು ಯಾರು?" ಎಂದರು ಡಾಕ್ಟರು.

ಅನ್ನಪೂರ್ಣಮ್ಮ ಗಂಡನ ಮುಖ ನೋಡಿದರು. ನಿಜ ಹೇಳಿದರೆ ಅವರ ಮಾತು ಮೀರಿದ್ದನ್ನು ಒಪ್ಪಬೇಕು. ಅಪ್ಪಣೆ ಇದ್ದವಳ ಹೆಸರು ಹೇಳಿದರೆ ಡಾಕ್ಟರೇ ಒಪ್ಪಿದವಳಿಗೆ ಕೈ ಕೊಟ್ಟಂತಾಗಿ, ತಪ್ಪು ಅವಳದಾಗುತ್ತದೆ.

"ಇನ್ಯಾರು? ನೀವು ಅಪ್ಪಣೆ ಕೊಟ್ಟೋಳೇ."

ಯರ್ರಮ್ಮ ಗಾಬರಿಯಾಗಲಿಲ್ಲ. "ನಾನು ನೂಲು ಕಟ್ಟಿ ಬಂದೆ ಸ್ವಾಮಿ. ಮನೇಗೆ ಬಂದು ಇವಳ ತಾವ ಹೇಳಿದ್ದೆ. ಹೇಳೇ ರಂಗಿ."

ರಂಗಕ್ಕ ಬಟ್ಟಲನ್ನೇ ನೋಡುತ್ತಿದ್ದಳು. "ನನಗೇನೂ ಗೊತ್ತಿಲ್ಲ ಸ್ವಾಮಿ."

ಮಣಿಕಟ್ಟು ಎಳೆದ ಕೈ ಯಾರದೆಂದು ಯರ್ರಮ್ಮನಿಗೆ ಆಗ ತಿಳಿಯಿತು. ಬಾಯಿ ತೆರೆದಳು; ಅಕ್ಕ ತನ್ನ ತಪ್ಪನ್ನು ತಂಗಿಯ ಮೇಲೆ ಹಾಕುತ್ತಿದ್ದಾಳೆ ಎಂದಷ್ಟೇ ಇವರಿಗೆ ಕೇಳಿಸೀತು ಎನಿಸಿ ಮುಚ್ಚಿದಳು. ಒಂದು ಮಾತಿನ ಎದುರು ಎರಡು ಮಾತು. ಡಾಕ್ಟರು ಅಪ್ಪಣೆಯನ್ನು ಹಿಂದಕ್ಕೆ ಪಡೆದರು. ಕೆಲಸ ಬಲ್ಲವಳು ಮತ್ತೊಬ್ಬಳು ಅಲ್ಲೇ ನಿಂತಿದ್ದಳು.

"ತಿಕ್ಕುವುದಷ್ಟೇ. ಹಾಗೇ ನಡೆದುಕೊಳ್ಳುತ್ತೀಯಾ?" ಎಂದು ಡಾಕ್ಟರು ಅವಳನ್ನು ಕೇಳಿದರು.

"ಹೂಂ ಸ್ವಾಮಿ," ಎಂದಳು ರಂಗಕ್ಕ.

ಅವಳು ಚಳ್ಳಕೆರೆಯಲ್ಲೇ ಬಿಡಾರ ಮಾಡಿದಳು. ಸಂಕ್ರಾಂತಿ ಕಳೆದ ಮೇಲೊಂದು ಮಧ್ಯಾಹ್ನ ನನ್ನಿವಾಳಕ್ಕೆ ಬಂದು, ಮೊದಲಿನಂತೆಯೇ ಅಕ್ಕನಿಗೆ ಬೆನ್ನು ಮಾಡಿ ಕುಳಿತಳು.

"ತಿಕ್ಕಿ ತಿಕ್ಕಿ ರೆಟ್ಟೆ ಹಿಡ್ಕಂಡೈತೆ ಕಣಕ್ಕ. ಒಸಿ ಎಣ್ಣೆ ಹಚ್ಚಿ ನೀವು."

"ಅಪ್ಪಣೆ ಇರೋರ ತಾವ ಹೋಗೆ."

"ಅಪ್ಪಣೆ ಇರೋಳು ನಾನೊಬ್ಳೇ ಅಲ್ವೇನಕ್ಕ."

"ಹಂಗಾದ್ರೆ ನೀನೇ ತಿಕ್ಕೊಳ್ಳೆ."

ತಮಾಷೆಯೆಂದುಕೊಂಡು ರಂಗಕ್ಕ ನಕ್ಕಳು. ಯರ್ರಮ್ಮನ ಅಂಗೈ ಅಭ್ಯಾಸಬಲದಿಂದ ತಂಗಿಯ ರೆಟ್ಟೆಗೆ ಹೋಯಿತು. ಊತವಿರಲಿಲ್ಲ, ಬಿಸಿಯಿರಲಿಲ್ಲ; ಎಣ್ಣೆ ಹಚ್ಚಿ ಕೈಯಾಡಿಸಿದರೆ ಬಿಡುವ ಬರಿಯ ಬಿಗಿತ. ಅವಳು ಕಂಬಳಿಯ ಅಂಚಿನಿಂದ ಒಂದೆಳೆ ಕಿತ್ತು, ಆ ರೆಟ್ಟೆಗೆ ಸುತ್ತಿ, ಗಂಟು ಹಾಕಿ, ಒಲೆಯ ಮುಂದೆ ಹೋಗಿ ಕುಳಿತಳು.