ಮೂಸಿ ನೋಡು ಎಂದ ಗಣಿತದ ಮಿಸ್

ನಮ್ಮ ಗಣಿತದ ಮಿಸ್‌ಗೆ ಅಸಹ್ಯವಾದರೆ ಅದು ಮೊದಲು ಮೂಗಿನಲ್ಲಿ ಗೊತ್ತಾಗುತ್ತಿತ್ತು. ಎಡಗಡೆಯ ಹೊಳ್ಳೆ ತಾನಾಗಿ ಮೇಲೇರಿ, ಕೆಂಪು ಕಲ್ಲಿನ ಮೂಗುತಿ ಓರೆಯಾಗುತ್ತಿತ್ತು. ಆಮೇಲೆ ಸೆರಗಿನ ತುದಿಯನ್ನು ಮೂಗಿಗೆ ಒತ್ತಿಕೊಂಡು, ನಮ್ಮ ಉತ್ತರದ ಹಾಳೆಯನ್ನು ಎರಡೇ ಬೆರಳಿನಲ್ಲಿ, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ ಎತ್ತಿ ಹಿಡಿಯುತ್ತಿದ್ದರು.

ಹನ್ನೊಂದನೇ ತರಗತಿಯಲ್ಲಿ ನನ್ನ ಹಾಳೆ ಹೀಗೆ ಮೇಲೇರಿದ ದಿನ ನನಗಿನ್ನೂ ನೆನಪಿದೆ. ಇಪ್ಪತ್ತೇಳರ ಘಾತ ಮೈನಸ್ ಎರಡು ಭಾಗ ಮೂರು ಎಷ್ಟು ಎಂದು ಕೇಳಿದ್ದರು. ನಾನು ಇಪ್ಪತ್ತೇಳನ್ನು ಎರಡರಿಂದ ಗುಣಿಸಿ, ಮೂರರಿಂದ ಭಾಗಿಸಿ, ಎದುರಿಗೆ ಮೈನಸ್ ಅಂಟಿಸಿ, ಮೈನಸ್ ಹದಿನೆಂಟು ಎಂದು ಬರೆದಿದ್ದೆ.

ಅವರು ಪಾಠ ಮಾಡುತ್ತಿದ್ದದ್ದು ತಮಿಳಿನಲ್ಲಿ, ಇಂಗ್ಲಿಷಿನಲ್ಲಿ. ಬಯ್ಯುವುದು ಮಾತ್ರ ಮನೆಮಾತಿನಲ್ಲಿ. ಅವರೂ ನಾನೂ ಕೊಯಮತ್ತೂರಿನ ಹತ್ತಿರದ ನೆಗಮದವರು, ಇಬ್ಬರದೂ ಮಗ್ಗದ ಮನೆ, ಮನೆಯೊಳಗೆ ಕನ್ನಡ. ತರಗತಿಯಲ್ಲಿ ಬೇರೆ ಯಾರಿಗೂ ಅರ್ಥವಾಗದ ಆ ಬೈಗುಳ ನನ್ನೊಬ್ಬಳಿಗೇ ಮೀಸಲಾಗಿತ್ತು.

"ಏನು ಅಮ್ಮಣಿ ಇದು? ಊಸಿಹೋದ ಸಾಂಬಾರನ್ನ ತಂದು ನನ್ನ ಮುಂದೆ ಇಟ್ಟಿದೀಯಲ್ಲ!"

ಊಸಿಹೋಗುವುದು ಎಂದರೆ ನಮ್ಮ ಕಡೆ ಹಳಸುವುದು.

"ಬರೆಯೋ ಮುಂಚೆ ಮೂಸಿ ನೋಡ್ಬೇಕಾ ಬೇಡ್ವಾ? ಮೂರರ ಪವರ್ ಮೂರು, ಇಪ್ಪತ್ತೇಳು. ಪವರ್ ಎರಡು, ಒಂಬತ್ತು. ಪವರ್ ಒಂದು, ಮೂರು. ಪವರ್ ಸೊನ್ನೆ, ಒಂದು. ಒಂದೊಂದು ಮೆಟ್ಟಿಲು ಇಳಿದಾಗಲೂ ಮೂರರಿಂದ ಭಾಗ ಆಗ್ತಾ ಬಂತು. ಇನ್ನೂ ಕೆಳಗೆ ಇಳಿ. ಮೂರರಲ್ಲಿ ಒಂದು ಪಾಲು, ಒಂಬತ್ತರಲ್ಲಿ ಒಂದು ಪಾಲು. ಚಿಕ್ಕದಾಗ್ತಾ ಹೋಗುತ್ತೆ ಅಷ್ಟೇ. ಮೈನಸ್ ಉತ್ತರ ಎಲ್ಲಿಂದ ಬಂತು?"

ಆಮೇಲೆ ನನ್ನ ಲೆಕ್ಕವನ್ನು ಬಿಡಿಸಿ ತೋರಿಸಿದರು. ಕೆಳಗಿನ ಮೂರು ಘನಮೂಲ ತೆಗೆ ಎನ್ನುತ್ತದೆ, ಇಪ್ಪತ್ತೇಳು ಮೂರಾಗುತ್ತದೆ. ಮೇಲಿನ ಎರಡು ವರ್ಗ ಮಾಡು ಎನ್ನುತ್ತದೆ, ಮೂರು ಒಂಬತ್ತಾಗುತ್ತದೆ. ಮೈನಸ್ ತಲೆಕೆಳಗು ಮಾಡು ಎನ್ನುತ್ತದೆ. ಒಂಬತ್ತರಲ್ಲಿ ಒಂದು ಪಾಲು. "ಒಂದೊಂದೇ ತುತ್ತು ಅಗಿ. ಎಲ್ಲಾ ಒಟ್ಟಿಗೆ ನುಂಗಬೇಡ," ಎಂದು ಹಾಳೆ ವಾಪಸು ಕೊಟ್ಟರು.

ಉತ್ತರವನ್ನು ಮೂಸಿ ನೋಡುವುದು ಅವರ ಅಭ್ಯಾಸ. ಲೆಕ್ಕ ಮಾಡುವ ಮೊದಲೇ, ಬರಬೇಕಾದ್ದು ಒಂದಕ್ಕಿಂತ ದೊಡ್ಡದೋ ಚಿಕ್ಕದೋ ಎಂದು ಕೇಳುತ್ತಿದ್ದರು. ಬಾಯಿಪಾಠ ಮಾಡಿದ ಸರಿಯುತ್ತರಕ್ಕೂ ಅವರ ಮೂಗು ಏರುತ್ತಿತ್ತು. ನಾಲ್ಕು ಸಾಲು ಸರಿಯಾಗಿ ಯೋಚಿಸಿ ಕೊನೆಗೆ ತಪ್ಪಿದವರ ಮೇಲೆ ಎಂದೂ ಏರಲಿಲ್ಲ.

ಇಂಥವರು ಕೆಲಸ ಮಾಡುತ್ತಿದ್ದದ್ದು ಎಂಥ ಜಾಗದಲ್ಲಿ! ಕಿಣತ್ತುಕಡವಿನ ಹೆದ್ದಾರಿ ಪಕ್ಕದ ನಮ್ಮ ಶಾಲೆಯ ಎದುರುಗೋಡೆಗೆ ಗಾಜು, ಹಿಂಭಾಗಕ್ಕೆ ಸುಣ್ಣವೂ ಇಲ್ಲ. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ ಕೊರಳಿನ ಐಡಿ ಕಾರ್ಡಿನ ನೀಲಿ ಪಟ್ಟಿ ಕಿತ್ತು ಹಳದಿ ಪಟ್ಟಿ ಹಾಕುತ್ತಿದ್ದರು. ಹಳದಿಯವರಿಗೆ ತರಗತಿಯೊಳಗೆ ಬೆಂಚಿಲ್ಲ. ಹಿಂದಿನ ಜಗಲಿಯಲ್ಲಿ, ಟಾಯ್ಲೆಟ್ಟಿನ ಗೋಡೆಗೆ ಒರಗಿ ನೆಲದ ಮೇಲೆ ಕೂರಬೇಕು. ಫಿನಾಯಿಲು ಮತ್ತು ಮೂತ್ರ ಬೆರೆತ ಆ ವಾಸನೆ ಯೂನಿಫಾರಂಗೆ ಹತ್ತಿ ಬಸ್ಸಿನವರೆಗೂ ಬರುತ್ತಿತ್ತು. ಬಸ್ಸಿನಲ್ಲಿ ನೀಲಿ ಪಟ್ಟಿಯವರು ಮೂಗು ಮುಚ್ಚಿಕೊಂಡು ಸರಿದು ಕೂರುತ್ತಿದ್ದರು. ನಾಚಿಕೆಯಾದರೆ ಮಕ್ಕಳು ಓದುತ್ತಾರೆ ಎಂಬುದು ಶಾಲೆಯ ಯಜಮಾನರಾದ ಕರೆಸ್ಪಾಂಡೆಂಟರ ಸಿದ್ಧಾಂತ. ಮಕ್ಕಳನ್ನು ಹೇಸಿಗೆಯ ಪಕ್ಕ ಕೂರಿಸಿ, ಅದನ್ನು ಶಿಸ್ತು ಎಂದು ಕರೆದವರ ಮುಖ ನೆನೆದರೆ ಈಗಲೂ ನನ್ನ ಬಾಯಲ್ಲಿ ಕಹಿ ನೀರು ಬರುತ್ತದೆ.

ಮಿಸ್ ತಮ್ಮ ಕುರ್ಚಿಯನ್ನು ತಾವೇ ಹೊತ್ತು ಜಗಲಿಗೆ ತರುತ್ತಿದ್ದರು. ಒಳಗೆ ಪಾಠ ಮುಗಿಸಿ, ತಮ್ಮ ಊಟದ ಹೊತ್ತಿನಲ್ಲಿ ಅಲ್ಲಿ ಮತ್ತೊಮ್ಮೆ ಪಾಠ. ಅಲ್ಲಿ ಅವರು ಸೆರಗನ್ನು ಮೂಗಿಗೆ ಒತ್ತಿಕೊಂಡದ್ದನ್ನು ಯಾರೂ ನೋಡಲಿಲ್ಲ.

ಆ ವರ್ಷ ಶಾಲೆಯ ಮುಖ್ಯ ಕಚೇರಿಯಿಂದ ಒಂದು ಕೈಪಿಡಿ ಬಂತು. ಪ್ರಶ್ನೆ, ಅದರ ಕೆಳಗೇ ಉತ್ತರ. ನಡುವೆ ಏನೂ ಇಲ್ಲ. ಹಾಗೇ ಬಾಯಿಪಾಠ ಮಾಡಬೇಕು. ಮುಂದಿನ ಪರೀಕ್ಷೆಯಲ್ಲಿ ಅದರಿಂದಲೇ ಒಂದು ಲೆಕ್ಕ ಬಂತು: ಎಕ್ಸ್‌ನ ಘಾತ ಮೈನಸ್ ಒಂದು, ವೈನ ಘಾತ ಮೈನಸ್ ಒಂದು, ಎರಡನ್ನೂ ಕೂಡಿಸಿ ಇಡೀ ಮೊತ್ತಕ್ಕೆ ಮತ್ತೆ ಘಾತ ಮೈನಸ್ ಒಂದು. ಇದನ್ನು ಸುಲಭ ರೂಪಕ್ಕೆ ತನ್ನಿ. ನಾನು ಮಿಸ್ ಕಲಿಸಿದ ಹಾಗೆ ಒಂದೊಂದೇ ಹೆಜ್ಜೆ ಬಿಡಿಸಿ, ಎಕ್ಸ್ ವೈಗಳ ಗುಣಲಬ್ಧವನ್ನು ಅವುಗಳ ಮೊತ್ತದಿಂದ ಭಾಗಿಸಬೇಕು ಎಂದು ಬರೆದೆ. ಕೈಪಿಡಿಯಲ್ಲಿ ಅಚ್ಚಾಗಿದ್ದದ್ದು ಬರೀ ಎಕ್ಸ್ ಪ್ಲಸ್ ವೈ. ಹಾಳೆ ತಿದ್ದುವವರು ಬೇರೆ ಯಾರೋ. ಉತ್ತರದ ಕೀ ಪಕ್ಕದಲ್ಲಿಟ್ಟುಕೊಂಡು ಗುರುತು ಹಾಕುವುದಷ್ಟೇ ಅವರ ಕೆಲಸ. ನನ್ನ ಲೆಕ್ಕದ ಮೇಲೆ ಕೆಂಪು ಗೆರೆ ಬಿತ್ತು. ಆ ಅಂಕ ಹೋಗಿ ನಾನೂ ಇನ್ನು ಕೆಲವರೂ ಹಳದಿ ಪಟ್ಟಿಗೆ ಇಳಿದೆವು.

ಜಗಲಿಯಲ್ಲಿ ನನ್ನನ್ನು ಕಂಡ ಮಿಸ್ ಹಾಳೆ ಕೇಳಿ ತೆಗೆದುಕೊಂಡರು. ಎರಡು ಸಲ ಓದಿದರು. "ಎದ್ದೇಳು," ಎಂದವರೇ ನನ್ನ ಕೈ ಹಿಡಿದು ಕರೆಸ್ಪಾಂಡೆಂಟರ ಕೋಣೆಗೆ ಕರೆದುಕೊಂಡು ಹೋದರು.

ಕರೆಸ್ಪಾಂಡೆಂಟರು ಗೋಡಂಬಿ ತಿನ್ನುತ್ತಿದ್ದರು. ಬಾಯಿಂದ ಉದುರಿದ ಚೂರು ಮೇಜಿನ ಗಾಜಿನ ಮೇಲೆ ಬಿದ್ದಿತ್ತು. ಅದನ್ನೂ ಬೆರಳಿಗೆ ಅಂಟಿಸಿಕೊಂಡು ಬಾಯಿಗೆ ಹಾಕಿಕೊಂಡರು. ಮಾತೆಲ್ಲ ತಮಿಳಿನಲ್ಲಿ ನಡೆಯಿತು.

"ಸಾರ್, ಕೀ ತಪ್ಪಾಗಿದೆ. ಎಕ್ಸ್‌ಗೂ ವೈಗೂ ಎರಡು ಹಾಕಿ ನೋಡಿ. ಅರ್ಧ ಅರ್ಧ ಸೇರಿ ಒಂದು. ಒಂದನ್ನ ತಲೆಕೆಳಗು ಮಾಡಿದರೂ ಒಂದೇ. ನಿಮ್ಮ ಪುಸ್ತಕದ ಪ್ರಕಾರ ನಾಲ್ಕು."

"ಪುಸ್ತಕ ಎಲ್ಲಾ ಬ್ರಾಂಚಿಗೂ ಹೋಗಿಬಿಟ್ಟಿದೆ ಮಿಸ್. ಈಗ ತಪ್ಪು ಅಂದರೆ ಪೇರೆಂಟ್ಸ್ ಏನಂತಾರೆ?"

"ಒಂದೂ ನಾಲ್ಕೂ ಒಂದೇ ಅಂತ ಮಕ್ಕಳು ಕಲೀಬೇಕಾ?"

"ಪಬ್ಲಿಕ್ ಪರೀಕ್ಷೆಗೆ ಈ ಲೆಕ್ಕ ಬರಲ್ಲ, ಬಿಡಿ." ಆಮೇಲೆ ನನ್ನ ಕಡೆ ಬೆರಳು ತೋರಿಸಿ ನಕ್ಕರು. "ಈ ಹುಡುಗಿದು ತಾನೇ ನಿಮ್ಮ ಚಿಂತೆ? ಇವಳಿಗೆ ಅಂಕ ಹಾಕಿಸ್ತೀನಿ. ನಾಳೆಯಿಂದ ಒಳಗೆ ಕೂರಲಿ. ಬೇರೆಯವರಿಗೆ ಹೇಳೋದು ಬೇಡ."

ಮಿಸ್ ನನ್ನ ಕಡೆ ತಿರುಗಿ ನಮ್ಮ ಮಾತಿನಲ್ಲಿ ಕೇಳಿದರು: "ನಿಂಗೆ ಬೇಕಾ ಅಮ್ಮಣಿ? ಬೇಕು ಅಂದ್ರೆ ನಾನು ಬಯ್ಯಲ್ಲ."

ನಾನು ಬೇಡ ಎಂದು ತಲೆಯಾಡಿಸಿದೆ. ಅದು ಧೈರ್ಯವಲ್ಲ. ಆ ಎಂಜಲು ಬೆರಳು ನನ್ನ ಕಡೆ ಚಾಚಿಕೊಂಡಿದ್ದನ್ನು ನೋಡಿ ವಾಕರಿಕೆ ಬಂದಿತ್ತು, ಅಷ್ಟೇ.

ವಾರ ಕಳೆಯುವುದರೊಳಗೆ ಪೋಷಕರ ಸಭೆ. ಕರೆಸ್ಪಾಂಡೆಂಟರು ಕೈಪಿಡಿಯನ್ನು ಎತ್ತಿ ತೋರಿಸಿ, ಇದೊಂದಿದ್ದರೆ ಯೋಚನೆ ಮಾಡುವ ಶ್ರಮವೇ ಮಕ್ಕಳಿಗೆ ಇಲ್ಲ ಎಂದು ಹೆಮ್ಮೆಯಿಂದ ಹೇಳಿದರು. ಮಿಸ್ ಎದ್ದು ಬೋರ್ಡಿನ ಹತ್ತಿರ ಹೋದರು. ಆ ಲೆಕ್ಕ ಬರೆದು, ಎರಡು ಹಾಕಿ, ಒಂದು ಬರುವುದನ್ನು ತೋರಿಸಿ, ಪಕ್ಕದಲ್ಲಿ ಪುಸ್ತಕದ ನಾಲ್ಕನ್ನೂ ಬರೆದರು. "ಸರಿಯಾಗಿ ಬರೆದ ಮಕ್ಕಳು ಹಿಂದೆ ಟಾಯ್ಲೆಟ್ ಪಕ್ಕ ಕೂತಿದಾರೆ. ಬನ್ನಿ, ಒಂದ್ಸಲ ನೋಡಿ," ಎಂದರು.

ಯಾರೂ ಏಳಲಿಲ್ಲ. ಎದ್ದವನು ಒಬ್ಬನೇ, ನನ್ನಪ್ಪ. ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಲ್ಲಿಟ್ಟುಕೊಂಡು, ಮಾತಿಗೆ ಮರ್ಯಾದೆಯ 'ಉಂಗ' ಸೇರಿಸಿ ತಮಿಳಿನಲ್ಲಿ ಹೇಳಿದ: "ನಾವು ಮಗ್ಗದವರುಂಗ ಮಿಸ್. ಇದೆಲ್ಲ ತಿಳಿಯಲ್ಲ. ಪುಸ್ತಕದಲ್ಲಿ ಇರೋದನ್ನೇ ಬರೆಯೋಕೆ ಹೇಳಿ. ಮಾರ್ಕ್ ಬಂದರೆ ಸಾಕುಂಗ."

ಸಭೆ ಚಪ್ಪಾಳೆ ತಟ್ಟಿತು. ಕರೆಸ್ಪಾಂಡೆಂಟರೂ ತಟ್ಟಿದರು. ಆ ಸದ್ದಿನಷ್ಟು ಹೊಲಸಾದ ಸದ್ದನ್ನು ನಾನು ಮತ್ತೆ ಕೇಳಿಲ್ಲ. ಮಿಸ್ ಬೋರ್ಡನ್ನು ಒರೆಸಲಿಲ್ಲ. ಹೊರಗೆ ಹೋಗಿ ನಲ್ಲಿಯಲ್ಲಿ ಕೈ ತೊಳೆದುಕೊಂಡು, ಹೆದ್ದಾರಿ ದಾಟಿ ಬಸ್ಸಿಗೆ ನಿಂತರು. ಮರುದಿನದಿಂದ ಗಣಿತಕ್ಕೆ ಬೇರೆ ಸಾರ್ ಬಂದರು.

ನಾನು ಅಪ್ಪನ ಜೊತೆ ಮಾತು ಬಿಟ್ಟೆ. ದಿನಾ ಸಂಜೆ ಶಾಲೆಯಿಂದ ನೇರವಾಗಿ ಮಿಸ್ ಮನೆಗೆ ಹೋಗತೊಡಗಿದೆ. ಹಳದಿ ಪಟ್ಟಿಯ ಇನ್ನೂ ಕೆಲವರು ಬಂದರು. ಮುಂದಿನ ಕೋಣೆಯಲ್ಲಿ ನಿಂತುಹೋಗಿದ್ದ ಮಗ್ಗದ ಪಕ್ಕ ಚಾಪೆ ಹಾಸಿ ಪಾಠ. ಮಿಸ್ ಮದುವೆಯಾಗಿರಲಿಲ್ಲ, ಮನೆಯಲ್ಲಿದ್ದದ್ದು ಅವರೂ ಅವರ ಅವ್ವನೂ. ಅವ್ವ ನೂಲು ಸುತ್ತುತ್ತಾ, ಅರ್ಥವಾಗದ ಘಾತಾಂಕಗಳನ್ನೆಲ್ಲ ಕೇಳಿಸಿಕೊಂಡು ಕೂತಿರುತ್ತಿದ್ದರು.

ಒಂದು ದಿನ ನಾನು ಅಪ್ಪನನ್ನು ಬಯ್ದಾಗ ಮಿಸ್ ತಡೆದರು.

"ನಿಮ್ಮಪ್ಪನ್ನ ಬಯ್ಬೇಡ. ಹಸಿದೋನ್ಗೆ ಊಸಿಹೋದ್ದೂ ರುಚಿ. ಅದನ್ನ ಗೊತ್ತಿದ್ದೂ ಬಡಿಸ್ದೋನ ಮೇಲೆ ಇಟ್ಕೋ ನಿನ್ನ ಅರುವರುಪ್ಪನ್ನ. ಆರದ ಹಾಗೆ ಇಟ್ಕೋ."

ಅರುವರುಪ್ಪು ಎಂದರೆ ಹೇಸಿಕೆ. ಅದು ಕೆಟ್ಟ ಗುಣ, ಮುಖ ಸಿಂಡರಿಸಬಾರದು ಎಂದು ಮನೆಯಲ್ಲಿ ಹೇಳಿಸಿಕೊಂಡು ಬೆಳೆದವಳು ನಾನು. ಕಾಪಾಡಿಕೊಳ್ಳಬೇಕಾದ ಹೇಸಿಕೆಯೂ ಒಂದಿದೆ ಎಂದು ಮೊದಲು ಹೇಳಿದವರು ಅವರು. ಈಗ ತಿರುಪ್ಪೂರಿನ ಬನಿಯನ್ ಕಂಪನಿಯೊಂದರ ಆಫೀಸಿನಲ್ಲಿದ್ದೇನೆ. ನನ್ನ ಕೆಲಸದಲ್ಲಿ ಘಾತಾಂಕ ಬರುವುದಿಲ್ಲ. ಆದರೆ ಸುಳ್ಳೆಂದು ಎಲ್ಲರಿಗೂ ಗೊತ್ತಿರುವ ಕಾಗದ ಸಹಿಗೆ ಬಂದರೆ ನನ್ನ ಕೈ ಮುಂದೆ ಹೋಗುವುದಿಲ್ಲ. ಹಾಸ್ಟೆಲಿನ ಕರ್ನಾಟಕದ ಗೆಳತಿಯಿಂದ ಕನ್ನಡ ಅಕ್ಷರ ಕಲಿತದ್ದೂ ಇಲ್ಲಿಯೇ. ಹಾಗಾಗಿ ಇದನ್ನು ಬರೆಯಲು ಸಾಧ್ಯವಾಗಿದೆ.

ಹೋದ ವರ್ಷ ಮಿಸ್‌ಗೆ ಕಾಮಾಲೆಯಾಯಿತು. ಕೊಯಮತ್ತೂರಿನ ಆಸ್ಪತ್ರೆಯಿಂದ ಮನೆಗೆ ಬಂದದ್ದು ದೇಹ. ಸುದ್ದಿ ಕೇಳಿ ಬೆಳಿಗ್ಗೆ ನೆಗಮಕ್ಕೆ ಹೋಗಿ ಬಸ್ಸಿಳಿದರೆ, ಅವರ ಬೀದಿಯ ತಿರುವಿನಲ್ಲಿ ಒಂದು ದೊಡ್ಡ ಫ್ಲೆಕ್ಸು. ಮಧ್ಯದಲ್ಲಿ ಮಿಸ್‌ರ ಹಳೆಯ ಐಡಿ ಕಾರ್ಡಿನ ಫೋಟೋ. ಮೇಲೆ 'ಕಣ್ಣೀರ ಅಂಜಲಿ'. ಪಕ್ಕದಲ್ಲಿ ಅವರಿಗಿಂತ ಎರಡು ಪಟ್ಟು ದೊಡ್ಡದಾಗಿ ಕೈಮುಗಿದು ನಗುವ ಕರೆಸ್ಪಾಂಡೆಂಟರು. 'ನಮ್ಮ ಶಾಲೆಯನ್ನು ಬೆಳಗಿದ ಗಣಿತದ ದೀಪ'. ಅದರ ಕೆಳಗೆ, ಹೊಸ ಮಕ್ಕಳ ಸೇರ್ಪಡೆ ನಡೆಯುತ್ತಿದೆ ಎಂದು ಫೋನ್ ನಂಬರು. ಶಾಲೆಯ ಗುಮಾಸ್ತ ಪಕ್ಕದಲ್ಲಿ ನಿಂತು ಅದರ ಫೋಟೋ ತೆಗೆಯುತ್ತಿದ್ದ. ನಾನು ಚರಂಡಿಯ ಹತ್ತಿರ ಕೂತು ವಾಂತಿ ಮಾಡಿಕೊಂಡೆ.

ಮನೆಯ ಬಾಗಿಲಲ್ಲಿ, ನಮ್ಮನ್ನೆಲ್ಲ ಮುದ್ದಿಗೆ 'ಕಣ್ಣು' ಎಂದೇ ಕರೆಯುತ್ತಿದ್ದ ಅವ್ವ ಕೇಳಿದರು: "ಬೀದೀಲಿ ಏನೋ ಕಟ್ಟವ್ರಂತೆ. ಏನು ಬರ್ದವ್ರೆ, ಕಣ್ಣು?"

ನಾನು ಕೊನೆಯ ಸಾಲಿನವರೆಗೂ ಹೇಳಿದೆ. ಅವರು ಅಳಲಿಲ್ಲ. "ಇಳಿಸಿ ತನ್ನಿ," ಎಂದರು.

ಏಣಿ ತಂದವನು ನನ್ನಪ್ಪ. ಹೇಳಿಸಿಕೊಳ್ಳದೆ ಹತ್ತಿ, ಹಗ್ಗ ಬಿಚ್ಚಿ, ಫ್ಲೆಕ್ಸನ್ನು ನೆಲಕ್ಕೆ ತಾಗದ ಹಾಗೆ ತೋಳಿನ ಮೇಲೆ ಹಾಕಿಕೊಂಡು ಇಳಿದ. ಅಂಗಳದಲ್ಲಿ ಹಾಸಿದೆವು. ಗುಮಾಸ್ತ ಹಿಂದೆಯೇ ಓಡಿ ಬಂದ. "ಯಾರನ್ನ ಕೇಳಿ ಇಳಿಸಿದ್ರಿ? ಸಾರ್‌ಗೆ ನಾನೇನು ಹೇಳಲಿ?"

ಅವ್ವ ನೂಲು ಕತ್ತರಿಸುವ ಕತ್ತರಿ ತರಿಸಿದರು. ಮಂಡಿಯೂರಿ ಕೂತು, ಮಗಳ ಕೂದಲಿನ ಅಂಚು ಕೆಡದ ಹಾಗೆ, ನಿಧಾನವಾಗಿ ಸುತ್ತಲೂ ಕತ್ತರಿಸಿ ಮುಖವನ್ನು ಬೇರೆ ಮಾಡಿ ಮಡಿಲಲ್ಲಿಟ್ಟುಕೊಂಡರು. ಉಳಿದದ್ದನ್ನು ಕಾಲಿನಿಂದ ಅವನ ಕಡೆ ಸರಿಸಿದರು.

"ಇವಳು ನಮ್ಮೋಳು, ಮಿಕ್ಕಿದ್ದೆಲ್ಲ ನಿಮ್ದು ಅಂತ ಹೇಳಪ್ಪ. ಸುತ್ಕೊಂಡು ಹೋಗು."