ಹೊರಗಿನ ಕುರ್ಚಿ

ಸೇವೆ ಮಾಡುವವರಿಗೆ ಸೇವೆ ಮಾಡುವುದು ಹೇಗೆಂದು ಕಲಿಸುವುದೂ ಒಂದು ಉದ್ಯೋಗವೇ ಎಂದು ಕೇಳುವವರಿದ್ದಾರೆ. ಟೀಚರ ಭಾವ, ಅಂದರೆ ಅಕ್ಕನ ಗಂಡ, ಬದುಕಿದ್ದಷ್ಟು ದಿನವೂ "ಮೀನಿಗೆ ಈಜು ಕಲಿಸೋಕೆ ಸಂಬಳ ಬೇರೆ ಕೊಡ್ತಾರಾ?" ಎಂದು ತಮಾಷೆ ಮಾಡುತ್ತಿದ್ದರು. ಟೀಚರ್ ಸುಮ್ಮನೆ ನಗುತ್ತಿದ್ದರು. ನೀರಿಗಿಳಿದ ಮೀನುಗಳು ಈಜುವುದನ್ನು ಬಿಟ್ಟು ಸಭೆ ನಡೆಸುತ್ತಾ ಕೂರುತ್ತವೆ ಎಂಬುದು ಭಾವನಿಗೇನು ಗೊತ್ತು?

ಹೆಸರಿಗೆ ಟೀಚರ್ ಅಷ್ಟೇ, ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಕಣ್ಣು ಕಾಣದ ಮಕ್ಕಳ ಶಾಲೆ, ವೃದ್ಧಾಶ್ರಮ, ಬೀದಿನಾಯಿಗಳಿಗೆ ಚಿಕಿತ್ಸೆ ಕೊಡುವ ಸಂಘ, ಇಂಥ ಸಂಸ್ಥೆಗಳ ಸಿಬ್ಬಂದಿಗೂ ಅವುಗಳ ಆಡಳಿತ ಮಂಡಳಿಯ ದೊಡ್ಡವರಿಗೂ ತರಬೇತಿ ಕೊಡುವುದು ಅವರ ಕೆಲಸ. ಸಿಬ್ಬಂದಿಯದೇನೂ ತೊಂದರೆಯಿಲ್ಲ. ಒಂದು ದಿನ ಕೆಲಸ ತಪ್ಪಿತೆಂಬ ಖುಷಿಗಾದರೂ ಕಣ್ಣು ಬಿಟ್ಟುಕೊಂಡು ಕೇಳುತ್ತಾರೆ. ಮಂಡಳಿಯವರ ಮುಂದೆ ಮಾತಾಡುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಊಟವಾದ ಮೇಲಂತೂ ಕೇಳುವುದೇ ಬೇಡ. ಫ್ಯಾನಿನ ಕೆಳಗೆ ಒಬ್ಬೊಬ್ಬರ ತಲೆಯೂ ಎದೆಗೆ ಬೀಳುತ್ತದೆ, ಗೋಡೆಗೆ ಅಂಟಿಸಿದ ಚಾರ್ಟ್ ಹಾಳೆಯೂ ಅವರ ಜೊತೆಗೇ ಕೆಳಗೆ ಬೀಳುತ್ತದೆ.

ಅವರನ್ನು ಎಚ್ಚರಿಸಲು ಟೀಚರ್ ಒಂದು ಉಪಾಯ ಹುಡುಕಿದ್ದರು. ಸಂಸ್ಥೆಯ ಮುಖ್ಯಸ್ಥರನ್ನು ಕೋಣೆಯಿಂದ ಹೊರಗೆ ಕಳಿಸಿ ವರಾಂಡದಲ್ಲಿ ಒಂದು ಕುರ್ಚಿ ಹಾಕಿ ಕೂರಿಸುವುದು. ಒಳಗೆ ಉಳಿದ ಮಂಡಳಿ ಸಂಸ್ಥೆಯ ನಿಜವಾದ ಒಂದು ಪ್ರಶ್ನೆಯನ್ನು ತಾನೇ ಚರ್ಚಿಸಿ ತಾನೇ ತೀರ್ಮಾನಿಸಬೇಕು. ಆಟವಲ್ಲ, ತೀರ್ಮಾನ ತೀರ್ಮಾನವೇ. ಹೊರಗಿನವರು ಒಳಗೆ ಬಂದಾಗ "ಯಾಕೆ" ಎಂದು ಕೇಳುವಂತಿಲ್ಲ, ವಾದ ಮಾಡುವಂತಿಲ್ಲ. "ಆಯ್ತು, ನನ್ನಿಂದ ಏನಾಗ್ಬೇಕು?" ಎಂದಷ್ಟೇ ಕೇಳಬೇಕು.

ಕೇಳಲು ಸುಲಭ. ಆದರೆ ತಾನೇ ಕಟ್ಟಿದ ಸಂಸ್ಥೆಯ ಬಾಗಿಲ ಹೊರಗೆ ಕೂರುವುದು ಸಣ್ಣ ಮಾತಲ್ಲ. ಒಬ್ಬರು ಕಿಟಕಿಯಲ್ಲಿ ಇಣುಕಿ ಸಿಕ್ಕಿಬಿದ್ದರು. ಇನ್ನೊಬ್ಬರು ಒಳಗಿದ್ದ ಖಜಾಂಚಿಗೆ ಫೋನ್ ಮಾಡಿ ಏನು ಹೇಳಬೇಕೆಂದು ಹೇಳಿಕೊಟ್ಟರು. ಅನಾಥಾಶ್ರಮ ನಡೆಸುತ್ತಿದ್ದ ದೊಡ್ಡ ಮೀಸೆಯ ಯಜಮಾನರೊಬ್ಬರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಅತ್ತೇಬಿಟ್ಟರು. ಅವರಿಗೆಲ್ಲ ಟೀಚರ್ ನೀರು ಕೊಟ್ಟು, "ಒಂದು ದಿನ ಬಿಡ್ಲೇಬೇಕಲ್ಲ ಸಾರ್, ಇವತ್ತೇ ಅಭ್ಯಾಸ ಮಾಡ್ಕೊಳ್ಳಿ" ಎನ್ನುತ್ತಿದ್ದರು. ಬೆನ್ನ ಹಿಂದೆ ಜನ ಅವರನ್ನು 'ಹೊರಗಟ್ಟೋ ಟೀಚರ್' ಎಂದು ಕರೆಯುತ್ತಾರೆಂಬುದೂ ಗೊತ್ತಿತ್ತು. ಬೇಜಾರಿರಲಿಲ್ಲ.

ಬೇಜಾರು ಬೇರೆ ಕಡೆಯಿಂದ ಬಂತು. ಚಾರ್ಟಿನ ಸುರುಳಿ ಬಗಲಲ್ಲಿ ಇರುಕಿಕೊಂಡು ಬಸ್ಸಿನಲ್ಲಿ ನಿಂತು ನಿಂತು ಸೊಂಟ ಹಿಡಿದಿತ್ತು, ಮೈಕಿಲ್ಲದ ಹಾಲುಗಳಲ್ಲಿ ಕೂಗಿ ಕೂಗಿ ಗಂಟಲು ಒಡೆದಿತ್ತು. ತಮ್ಮ ಜೋಕಿಗೆ ಎಲ್ಲರೂ ನಕ್ಕರೂ ತಮಗೇ ನಗು ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಎಲ್ಲರ ಪರಿಚಯ ಮಾಡಿಸುತ್ತಾ ನಿಂತವರಿಗೆ ತಾವು ಯಾವ ಸಂಸ್ಥೆಗೆ ಬಂದಿದ್ದೇವೆ ಎಂಬುದೇ ಮರೆತುಹೋಯಿತು. ಗೋಡೆಯ ಮೇಲಿನ ಬೋರ್ಡು ಓದಿ ಮಾನ ಉಳಿಸಿಕೊಂಡರು. ನಿದ್ದೆ ಮಾಡಿದರೆ ಹೋಗುವ ದಣಿವಲ್ಲ ಇದು ಎಂದು ಅವತ್ತು ಅವರಿಗೆ ಖಾತ್ರಿಯಾಯಿತು.

ಮನೆಯಲ್ಲಿ ಅಕ್ಕ ಇದ್ದರು. ಭಾವ ಹೋದ ಮೇಲೆ ಅಕ್ಕತಂಗಿಯರಿಬ್ಬರದೇ ಸಂಸಾರ. ಆಸ್ಪತ್ರೆಯವರ ಸಮವಸ್ತ್ರ ಹೊಲಿದು ತಂಗಿಯನ್ನು ಓದಿಸಿದ ಅಕ್ಕ ಅವರು. ಹೊಲಿಗೆ ಯಂತ್ರ ತುಳಿದ ಮಂಡಿಗಳು ಈಗ ಮುಷ್ಕರ ಹೂಡಿದ್ದವು. ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಇಳಿಯಬೇಕಾದರೆ ಒಂದು ಕೈ ಗೋಡೆಗೆ, ಇನ್ನೊಂದು ಕೈ ಯಾರದಾದರೂ ಭುಜದ ಮೇಲೆ. ಆ ಭುಜ ಬೆಳಕು ಹರಿಯುವ ಮೊದಲೇ ಚಾರ್ಟ್ ಹೊತ್ತುಕೊಂಡು ಹೊರಟುಬಿಡುತ್ತಿತ್ತು. ಅಕ್ಕ ರಸ್ತೆಗೆ ಕಾಲಿಟ್ಟು ಎಷ್ಟೋ ತಿಂಗಳಾಗಿತ್ತು.

"ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದು ಅಕ್ಕ ನಗುತ್ತಲೇ ಹೇಳುತ್ತಿದ್ದರು. "ನೀನು ರಿಟೈರ್ ಆಗೋ ಹಿಂದಿನ ದಿನ ಹೇಳು ಮಾರಾಯ್ತಿ, ತಲೆ ಬಾಚ್ಕೊಂಡು ಕೂತಿರ್ತೀನಿ."

ಟೀಚರಿಗೆ ಬಿಡಬೇಕೆಂದಿತ್ತು. ಬಿಡಲು ದಾರಿಯೂ ಸಿದ್ಧವಿತ್ತು. ಮುದ್ರಣಾಲಯದ ಮೇಲಿನ ಎರಡು ಕೋಣೆಗಳಲ್ಲಿ ಅವರು ಕಟ್ಟಿದ ತರಬೇತಿ ಸಂಸ್ಥೆಯಲ್ಲಿ 'ಚಿಕ್ಕ ಟೀಚರ್' ಇದ್ದಳು. ಕೂದಲಿಗೆ ನರೆ ಬಂದರೂ ಅವಳು ಚಿಕ್ಕ ಟೀಚರೇ. ಅರ್ಧಕ್ಕಿಂತ ಹೆಚ್ಚು ತರಬೇತಿಗಳನ್ನು ಈಗ ಅವಳೇ ನಡೆಸುತ್ತಿದ್ದಳು. ಜೋಕಂತೂ ಟೀಚರಿಗಿಂತ ಚೆನ್ನಾಗಿ ಹೇಳುತ್ತಿದ್ದಳು. ಆದರೆ ಮುಖ್ಯಸ್ಥೆಯನ್ನು ಬಿಡುಗಡೆ ಮಾಡುವ ಅಧಿಕಾರ ಮಂಡಳಿಯದು. ಮಂಡಳಿಯಲ್ಲಿ ಮೂವರು: ನಿವೃತ್ತ ಬ್ಯಾಂಕ್ ಮ್ಯಾನೇಜರು, ಒಬ್ಬ ಹಲ್ಲಿನ ಡಾಕ್ಟರು, ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದ ಒಬ್ಬ ಹೆಂಗಸು. ಒಳ್ಳೆಯವರು. ಒಳ್ಳೆಯವರಾದ್ದೇ ತೊಂದರೆ. ಟೀಚರ್ ಬಿಡುವ ಮಾತೆತ್ತಿದಾಗಲೆಲ್ಲ "ಸುಸ್ತಾಗಿದೆ ನಿಮ್ಗೆ, ನಾಲ್ಕು ದಿನ ರೆಸ್ಟ್ ತಗೊಳ್ಳಿ" ಎಂದು ಚಹಾ ತರಿಸುತ್ತಿದ್ದರು.

ಊರಿನ ಮಂಡಳಿಗಳಿಗೆಲ್ಲ ಪಾಠ ಹೇಳಿದ ಟೀಚರ್ ತಮ್ಮ ಮಂಡಳಿಗೆ ಒಂದು ದಿನವೂ ತರಬೇತಿ ಕೊಟ್ಟಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಕೊನೆಗೆ ಒಂದು ಶನಿವಾರ ಮೂವರನ್ನೂ ಕರೆಸಿ, ಬೋರ್ಡಿನ ಮೇಲೆ ಪ್ರಶ್ನೆಯನ್ನು ದೊಡ್ಡದಾಗಿ ಬರೆದರು: ವರ್ಷದ ಕೊನೆಗೆ ನಾನು ಬಿಟ್ಟ ಮೇಲೆ ಸಂಸ್ಥೆಯನ್ನು ಯಾರು ನಡೆಸಬೇಕು?

"ಇದು ಅಭ್ಯಾಸಕ್ಕಾ, ನಿಜಕ್ಕಾ?" ಎಂದರು ಮ್ಯಾನೇಜರು.

"ನಿಜಕ್ಕೇ. ನಿಯಮ ನಿಮ್ಗೆ ಗೊತ್ತಲ್ಲ. ನಾನು ಹೊರಗೆ ಕೂತಿರ್ತೀನಿ."

ಟೀಚರ್ ತಾವೇ ಕುರ್ಚಿ ಎಳೆದುಕೊಂಡು ವರಾಂಡಕ್ಕೆ ಬಂದರು. ಎಷ್ಟೋ ಜನರನ್ನು ಕೂರಿಸಿದ್ದ ಅವರು ಆ ಕಡೆ ಕೂತದ್ದು ಇದೇ ಮೊದಲು. ಕೆಳಗಿನಿಂದ ಮುದ್ರಣ ಯಂತ್ರದ ಸದ್ದು ಬರುತ್ತಿತ್ತು, ಶಾಯಿಯ ವಾಸನೆಯೂ ಬರುತ್ತಿತ್ತು. ಚಿಕ್ಕ ಟೀಚರ್ ಬಂದು ಮೆಟ್ಟಿಲ ಮೇಲೆ ಕೂತಳು.

"ಭಯ ಆಗ್ತಿದ್ಯಾ ಟೀಚರ್?"

"ಭಯ ಎಂಥದ್ದು? ಹಗುರ ಆಗ್ತಿದೆ ಕಣೇ. ಸಂಜೆ ಅಕ್ಕನ್ನ ಕೆಳಗೆ ಕರ್ಕೊಂಡು ಬರ್ತೀನಿ. ಹೇಳಿಬಿಟ್ಟೇ ಬಂದಿದೀನಿ."

ಹಾಗೆ ಹೇಳುವಾಗಲೇ ಒಳಗಿನಿಂದ ನಗು ಕೇಳಿಸಿತು. ಟೀಚರ್ ಬಾಗಿಲ ಕಡೆ ತಿರುಗಿದರು. ಕಷ್ಟದ ಪ್ರಶ್ನೆ ಚರ್ಚಿಸುವವರು ನಗುವುದಿಲ್ಲ. ಕಷ್ಟದ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಿ ಸುಲಭದ ಪ್ರಶ್ನೆ ಎತ್ತಿಕೊಂಡವರು ನಗುತ್ತಾರೆ. ಆಡಳಿತ ಮಂಡಳಿಗಳಿಗೆ ಹುಟ್ಟಿನಿಂದಲೇ ಬರುವ ರೋಗ ಇದು ಎಂದು ಅವರೇ ಪ್ರತಿ ತರಬೇತಿಯಲ್ಲೂ ಹೇಳುತ್ತಿದ್ದರು.

ಬಾಗಿಲು ತೆರೆಯಿತು. ಮೂವರ ಮುಖವೂ ಅರಳಿತ್ತು.

"ನಿಮ್ಗೆ ಯಾಕೆ ಬಿಡ್ಬೇಕು ಅನ್ನಿಸ್ತಿದೆ ಅಂತ ಚರ್ಚೆ ಮಾಡಿದ್ವಿ," ಎಂದರು ಮ್ಯಾನೇಜರು. "ತಪ್ಪು ನಮ್ದೇ. ನಿಮ್ಮ ಕಷ್ಟ ನಾವು ನೋಡ್ಲೇ ಇಲ್ಲ. ಇನ್ಮೇಲೆ ನೀವು ಬಸ್ಸಲ್ಲಿ ಓಡಾಡೋ ಹಾಗಿಲ್ಲ, ಕಾರು ಗೊತ್ತು ಮಾಡ್ತೀವಿ. ಒಂದು ಮೈಕ್ ತಗೊಳ್ತೀವಿ."

"ಸೊಂಟಕ್ಕೆ ಒಳ್ಳೇ ಕುರ್ಚಿ," ಎಂದರು ಡಾಕ್ಟರು.

"ಇನ್ನು ಮೂರು ವರ್ಷ ನೀವೇ ಇರ್ಬೇಕು. ಒಮ್ಮತದ ತೀರ್ಮಾನ. ನೀವಿಲ್ದೆ ಇದು ನಡಿಯಲ್ಲ ಟೀಚರ್." ಮ್ಯಾನೇಜರು ಮನಸ್ಸಿನಿಂದಲೇ ಹೇಳಿದ್ದರು, ಪಾಪ.

"ಆಯ್ತು, ನನ್ನಿಂದ ಏನಾಗ್ಬೇಕು?" ಎಂದರು ಟೀಚರ್.

ಬೇಕೆಂದು ಹೇಳಿದ್ದಲ್ಲ. ಬೇರೆಯವರಿಂದ ಸಾವಿರ ಸಲ ಹೇಳಿಸಿ ಹೇಳಿಸಿ ನಾಲಿಗೆಗೆ ಅಂಟಿದ್ದ ಮಾತು, ತಾನಾಗಿಯೇ ಉದುರಿತು. ತಾವೇ ತೋಡಿದ ಹಳ್ಳಕ್ಕೆ ತಾವೇ ಬಿದ್ದಿದ್ದರು. ಮೇಟ್ರನ್ ಒಬ್ಬರು ಮಾತ್ರ ನಗು ನಿಲ್ಲಿಸಿ ಅವರ ಮುಖ ನೋಡಿದರು. ಉಳಿದಿಬ್ಬರು ಚಪ್ಪಾಳೆ ತಟ್ಟಿದರು.

ಮುಖ ತೊಳೆದು ಬರುತ್ತೇನೆಂದು ಟೀಚರ್ ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿದರು.

"ಏನಂದ್ರು?" ಎಂದರು ಅಕ್ಕ.

"ನಾನಿಲ್ದೆ ನಡಿಯಲ್ವಂತೆ."

"ನಂಗೂ ನಡಿಯಲ್ಲ," ಎಂದರು ಅಕ್ಕ. ತಮಾಷೆಯ ಧ್ವನಿಯಾಗಿರಲಿಲ್ಲ. "ಅದನ್ನ ಅವ್ರಿಗೆ ಯಾರಾದ್ರೂ ಹೇಳಿದ್ರಾ?"

ಯಾರೂ ಹೇಳಿರಲಿಲ್ಲ. ಮೊದಲು ಹೇಳಬೇಕಾದವರು ತಾವೇ. ಸೊಂಟದ ವಿಷಯ ಹೇಳಿದ್ದರು, ಗಂಟಲಿನ ವಿಷಯ ಹೇಳಿದ್ದರು, ಅಕ್ಕನ ಹೆಸರು ಮಾತ್ರ ಎತ್ತಿರಲಿಲ್ಲ. ಸಂಸ್ಥೆಯ ಸಭೆಯಲ್ಲಿ ಮನೆಯ ಮಾತು ಆಡಬಾರದೆಂಬುದೂ ಅವರು ಕಲಿಸಿದ ಪಾಠಗಳಲ್ಲೊಂದು. ಟೀಚರಿಗೆ ತಮ್ಮ ಮೇಲೆಯೇ ಸಿಟ್ಟು ಬಂತು.

ಒಳಗೆ ಹೋದಾಗ ಮೂವರೂ ಚಹಾ ಕುಡಿಯುತ್ತಿದ್ದರು.

"ಲೋಟ ಕೆಳಗಿಟ್ಟು ಎಲ್ರೂ ಹೊರಗೆ ಹೋಗಿ," ಎಂದರು ಟೀಚರ್.

"ನಾವಾ?" ಎಂದರು ಮ್ಯಾನೇಜರು.

"ನೀವೇ. ಈ ಸಲ ತೀರ್ಮಾನ ನಾನೊಬ್ಬಳೇ ಮಾಡ್ತೀನಿ."

"ಆದ್ರೆ ಹೊರಗಿಂದ ಬಂದೋರು ವಾದ ಮಾಡ್ಬಾರ್ದು ಅಂತ ನೀವೇ ನಿಯಮ..."

"ಆ ನಿಯಮ ಮಾಡಿದ್ದು ಕುರ್ಚಿ ಬಿಡೋಕೆ ಒಪ್ಪದೋರಿಗೆ ಸಾರ್. ಬಿಡ್ತೀನಿ ಅಂತ ಅಂಗಲಾಚೋರೂ ಇರ್ತಾರೆ ಅಂತ ನಂಗೆ ಹೊಳೀಲೇ ಇಲ್ಲ."

ಹೊರಗಟ್ಟುವುದರಲ್ಲಿ ಅವರಿಗೆ ಅನುಭವವಿತ್ತು. ಮ್ಯಾನೇಜರು, ಡಾಕ್ಟರು, ಮೇಟ್ರನ್ ಮೂವರೂ ತಡವಾಗಿ ಬಂದ ಶಾಲಾ ಮಕ್ಕಳಂತೆ ಹೊರಗೆ ಹೋದರು. ಕುರ್ಚಿ ಒಂದೇ ಇತ್ತು. ಯಾರು ಕೂರಬೇಕೆಂದು ಅಲ್ಲಿ ಪಿಸುಪಿಸು ನಡೆಯಿತು.

ಒಳಗೆ ಟೀಚರ್ ಮೇಜಿಗೆ ತಲೆಯಾನಿಸಿದರು. ತೀರ್ಮಾನಕ್ಕೆ ಹೊತ್ತು ಬೇಕಿರಲಿಲ್ಲ, ಅದು ಯಾವತ್ತೋ ಆಗಿತ್ತು. ಸುಮ್ಮನೆ ಕೂರಲು ಹೊತ್ತು ಬೇಕಿತ್ತು. ಇಷ್ಟು ವರ್ಷ ಈ ಕೋಣೆಯಲ್ಲಿ ಯಾರೂ ಇಲ್ಲದಾಗ ಒಂದು ಗಳಿಗೆಯೂ ಕೂತಿರಲಿಲ್ಲ ಎಂಬುದು ನೆನಪಾಯಿತು. ಕೆಳಗೆ ಯಂತ್ರ ನಿಂತು ಮತ್ತೆ ಶುರುವಾಯಿತು. ಆಮೇಲೆ ಎದ್ದು ಬಾಗಿಲು ತೆರೆದರು.

"ಈ ವರ್ಷದ ಕೊನೆಗೆ ನಾನು ಬಿಡ್ತೀನಿ. ಚಿಕ್ಕ ಟೀಚರ್ ನಡೆಸ್ತಾಳೆ. ಅವಳನ್ನ ಚಿಕ್ಕ ಅಂತ ಕರೆಯೋದನ್ನ ಇವತ್ತಿಂದಲೇ ಬಿಡೋಣ. ಮನೇಲಿ ನಮ್ಮಕ್ಕ ಇದಾರೆ, ಕಾಲಿಗಾಗಲ್ಲ. ನಾನಿಲ್ದೆ ಅವ್ರಿಗೆ ನಡಿಯಲ್ಲ. ಇದನ್ನ ನಿಮ್ಗೆ ಮೊದಲೇ ಹೇಳ್ಬೇಕಿತ್ತು, ಹೇಳ್ಲಿಲ್ಲ."

ಮ್ಯಾನೇಜರು "ಯಾಕೆ" ಎನ್ನಲು ಬಾಯಿ ತೆರೆದು ಮುಚ್ಚಿದರು. ಡಾಕ್ಟರು ತಮ್ಮ ಚಪ್ಪಲಿ ನೋಡಿಕೊಂಡರು. ಮೇಟ್ರನ್ ಹತ್ತಿರ ಬಂದು ಟೀಚರ ಮೊಣಕೈ ಹಿಡಿದುಕೊಂಡರು.

"ಆಯ್ತು," ಎಂದರು. "ನಮ್ಮಿಂದ ಏನಾಗ್ಬೇಕು ಟೀಚರ್?"

ಈ ಮಾತನ್ನು ಟೀಚರ್ ಎಷ್ಟೋ ಜನರ ಬಾಯಿಗೆ ಹಾಕಿದ್ದರು. ತಮ್ಮ ಕಡೆ ತಿರುಗಿ ಯಾರೂ ಒಂದು ದಿನವೂ ಕೇಳಿರಲಿಲ್ಲ. ಏನೋ ಹೇಳಲು ಹೋದರು, ಅಳು ಬಂದುಬಿಟ್ಟಿತು. ತಡೆದುಕೊಳ್ಳಲಿಲ್ಲ. ಅತ್ತು ಮುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಸಂಜೆ ಒಬ್ರು ಮನೆಗೆ ಬನ್ನಿ," ಎಂದರು. "ಅಕ್ಕನ್ನ ಕೆಳಗಿಳಿಸ್ತೀನಿ ಅಂತ ಹೇಳಿ ಬಂದಿದೀನಿ. ನನ್ನೊಬ್ಬಳ ಕೈಲಿ ಈಗ ಆಗಲ್ಲ."