ಬಿಸಿಲ ದಂಡೆಯ ವ್ರೋನಿ

ನಮ್ಮ ಸೊನ್‌ಬರ್ಗಿನಲ್ಲಿ ಹೊಟ್ಟೆಕಿಚ್ಚಿನ ಮಾತು ಬಂದರೆ ಜನ ಈಗಲೂ ಅಂಚೆಮನೆ ವ್ರೋನಿಯ ಹೆಸರು ಎತ್ತುತ್ತಾರೆ. ಎತ್ತುವಾಗ ಸ್ವಲ್ಪ ನಗುತ್ತಾರೆ, ಬೈಯುವುದಿಲ್ಲ. ಅವಳ ಕೈಯ ಊಟ ಉಂಡವರು ಊರಲ್ಲಿ ಇನ್ನೂ ಇದ್ದಾರೆ.

ವ್ರೋನಿಯ ಅಪ್ಪ ಅಂಚೆ ಗಾಡಿಗಳೂ ಪ್ರಯಾಣಿಕರೂ ತಂಗುವ ಅಂಚೆಮನೆಯ ಯಜಮಾನ. ಉಪ್ಪಿನ ಗಾಡಿಗಳು ಘಾಟಿ ಹತ್ತಿ ದಕ್ಷಿಣಕ್ಕೆ ಹೋಗುತ್ತಿದ್ದ, ಆ ಕಡೆಯಿಂದ ದ್ರಾಕ್ಷಾರಸದ ಪೀಪಾಯಿಗಳು ಇಳಿದು ಬರುತ್ತಿದ್ದ ಕಾಲದಿಂದಲೂ ಆ ಮನೆಯ ಮುಂದೆ ಕುದುರೆ ಬದಲಿಸದೆ ಯಾವ ಗಾಡಿಯೂ ಮುಂದೆ ಹೋದದ್ದಿಲ್ಲ. ಆತನಿಗೆ ಇಬ್ಬರೇ ಹೆಣ್ಣುಮಕ್ಕಳು. ಹಿರಿಯಳಾದ ವ್ರೋನಿಗೆ ಮನೆ, ಲಾಯ, ರಸ್ತೆಗೆ ಹತ್ತಿದ ಹುಲ್ಲುಗಾವಲು ಎಲ್ಲ ಬಂತು. ಕಿರಿಯಳಾದ ಒಟ್ಟಿಲಿಗೆ ಬಂದದ್ದು ಆಖೆ ಹೊಳೆಯ ಆಚೆ ದಂಡೆಯ ವಿಂಕೆಲ್ ಎಂಬ ಮೂಲೆ. ಜೊಂಡು ಬೆಳೆದ ಜವುಗು ನೆಲ, ಒಂದು ತಗ್ಗು ಮರದ ಮನೆ. ಅದರ ಬೆನ್ನಿಗೇ ಬೆಟ್ಟ. ನವೆಂಬರ್‌ನಲ್ಲಿ ಅಲ್ಲಿಂದ ಮರೆಯಾದ ಸೂರ್ಯ ಮತ್ತೆ ಮುಖ ತೋರಿಸುವುದು ಫೆಬ್ರವರಿಯಲ್ಲೇ. ಒಗೆದು ಹಾಕಿದ ಅಂಗಿ ಹಗ್ಗದ ಮೇಲೆ ಹಲಗೆಯ ಹಾಗೆ ಸೆಟೆದುಕೊಳ್ಳುತ್ತಿತ್ತು.

ಒಟ್ಟಿಲಿ ಮರದ ದಿಮ್ಮಿಗಳನ್ನು ಹೊಳೆಯಲ್ಲಿ ತೇಲಿಬಿಡುವ ಲೆಂಜ್ ಎಂಬವನನ್ನು ಮದುವೆಯಾಗಿ ಅಲ್ಲೇ ಸಂಸಾರ ಹೂಡಿದಳು. ಚಳಿಗಾಲದ ಭಾನುವಾರಗಳಲ್ಲಿ ಇಗರ್ಜಿ ಬಿಟ್ಟ ಮೇಲೆ ಮಕ್ಕಳನ್ನು ಕರೆದುಕೊಂಡು ಅಂಚೆಮನೆಯ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಆ ಗೋಡೆಗೆ ಮಧ್ಯಾಹ್ನದ ಬಿಸಿಲು ನೇರ ಬೀಳುತ್ತಿತ್ತು.

"ಏನೇ, ಮನೆಗೆ ಹೋಗೋಕೆ ಮನಸ್ಸೇ ಇಲ್ವಾ?" ವ್ರೋನಿ ಕಿಟಕಿಯಿಂದ ಕೂಗುತ್ತಿದ್ದಳು. "ಬೇಕಾದ್ರೆ ನಮ್ಮ ಬಿಸಿಲನ್ನ ಒಂದಿಷ್ಟು ಮಡಿಲಲ್ಲಿ ಕಟ್ಕೊಂಡು ಹೋಗು!"

ಒಟ್ಟಿಲಿ ನಗುತ್ತಿದ್ದಳು. ಅವಳು ಎಲ್ಲದಕ್ಕೂ ನಗುವವಳೇ. ವ್ರೋನಿಗೆ ಆಗಲೇ ಒಳಗೊಳಗೆ ಚುಚ್ಚುತ್ತಿದ್ದದ್ದು ಆ ನಗು. ತನ್ನ ಗಂಡ ಕಸ್ಸಿಯಾನ್ ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಅದರಲ್ಲಿ ಮೂರು ಕುದುರೆಗಳ ಹತ್ತಿರ. ಸಂಜೆ ಗಾಳಿ ಈ ಕಡೆ ತಿರುಗಿದಾಗ ಹೊಳೆಯ ಆಚೆಯಿಂದ ಲೆಂಜ್ ಹಾಡುವುದು ಕೇಳಿಸುತ್ತಿತ್ತು. ಅಷ್ಟು ಬಡತನದಲ್ಲಿ ಹಾಡುವಂಥದ್ದು ಏನಿದೆ ಎಂದು ಅವಳು ಕಿಟಕಿ ಮುಚ್ಚುತ್ತಿದ್ದಳು.

ಹೀಗಿರುವಾಗ ಕಣಿವೆಗೆ ರೈಲು ಬರುತ್ತದೆ ಎಂಬ ಸುದ್ದಿ ಹುಟ್ಟಿತು. ಅಳತೆಗೆ ಬಂದ ಎಂಜಿನಿಯರ್ ಬೇಸಿಗೆಯಿಡೀ ಅಂಚೆಮನೆಯಲ್ಲೇ ಇಳಿದುಕೊಂಡ. ವ್ರೋನಿ ಅವನಿಗೆ ಹೊಳೆ ಮೀನು ಹುರಿದು ಹಾಕಿದಳು, ಹಂದಿಮಾಂಸ ಹಾಕಿದ ಬ್ರೆಡ್ ಉಂಡೆಯ ಸಾರು ಮಾಡಿದಳು, ಗರಿಗಳ ಹಾಸಿಗೆ ದಿನಾ ಬಿಸಿಲಿಗೆ ಹಾಕಿದಳು. ಮುಂದೆ ಬರುವ ಪ್ರಯಾಣಿಕರಿಗೆಂದು ಹೊಸ ಊಟದ ಕೋಣೆಯನ್ನೂ ಕಟ್ಟಿಸಿದಳು. ಹೊರಡುವ ದಿನ ಎಂಜಿನಿಯರ್ ಟೋಪಿ ಕೈಯಲ್ಲಿ ಹಿಡಿದುಕೊಂಡು ನಿಂತ.

"ಅಮ್ಮಾ, ಹಳಿ ಆ ಕಡೆ ದಂಡೆಯಲ್ಲಿ ಹೋಗುತ್ತೆ. ನಿಮ್ಮ ಕಡೆ ಬೆಟ್ಟ ಒಂದೆಡೆ ಕೂರಲ್ಲ. ಜೋರು ಮಳೆ ಬಂದಾಗೆಲ್ಲ ಜಾರುತ್ತೆ. ಅಲ್ಲಿ ಬಂಡೆ ಗಟ್ಟಿ ಇದೆ."

"ಆ ಕಡೆನಾ? ಅಲ್ಲಿ ಬಿಸಿಲೇ ಬೀಳಲ್ಲ ಸ್ವಾಮೀ!"

"ರೈಲಿಗೆ ಬಿಸಿಲು ಬೇಡಮ್ಮಾ."

ಬಂಡೆ ಕೊರೆದು ಸುರಂಗ ಮಾಡಿದರು. ತೆಗೆದ ಕಲ್ಲನ್ನೆಲ್ಲ ಒಟ್ಟಿಲಿಯ ಜವುಗಿಗೆ ಸುರಿದು ನೆಲ ಎತ್ತರಿಸಿದರು. ಕಪ್ಪೆ ಕೂಗುತ್ತಿದ್ದ ಕಡೆ ಸ್ಟೇಷನ್ ಎದ್ದಿತು. ಸುರಂಗದ ಕೆಲಸಕ್ಕೆ ಬಂದ ದಕ್ಷಿಣದ ಕೂಲಿಗಳಿಗೆ ಮೆಕ್ಕೆಜೋಳದ ಹಿಟ್ಟಿನ ಗಂಜಿ ಬೇಯಿಸಿ ಹಾಕುತ್ತ ಹಾಕುತ್ತ ಒಟ್ಟಿಲಿ ಊಟದ ಮನೆಯನ್ನೇ ತೆರೆದಳು. ಕೂಲಿಗಳು ಹೋದ ಮೇಲೆ ಪ್ರಯಾಣಿಕರು ಬಂದರು.

ವ್ರೋನಿಯ ಕಿಟಕಿಯಿಂದ ಅದೆಲ್ಲ ಅಂಗೈಯಲ್ಲಿಟ್ಟಂತೆ ಕಾಣುತ್ತಿತ್ತು. ಸಂಜೆ ಹೊತ್ತಿಸುವ ದೊಡ್ಡ ದೀಪ ಕಾಣುತ್ತಿತ್ತು. ಪಟ್ಟಣದ ಬೇಕರಿಯಿಂದ ಬೆಳಗಿನ ರೈಲಿಗೆ ಬರುವ ಬಿಳಿ ಬ್ರೆಡ್ಡಿನ ಬುಟ್ಟಿ ಕಾಣುತ್ತಿತ್ತು. ಒಮ್ಮೆ ಒಟ್ಟಿಲಿ ಗರಿ ಸಿಕ್ಕಿಸಿದ ಟೋಪಿ ಹಾಕಿಕೊಂಡು ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆದದ್ದು ಕಂಡಿತು. ಆ ದಿನ ವ್ರೋನಿ ಅಡುಗೆಮನೆಯಲ್ಲಿ ಒಂದಾದ ಮೇಲೊಂದು ಮೂರು ತಟ್ಟೆ ಒಡೆದಳು. ತಂಗಿಯ ಹೆಸರು ಹೇಳುವುದನ್ನೇ ಬಿಟ್ಟು "ಆ ಕಡೆಯವಳು" ಎನ್ನತೊಡಗಿದಳು.

ಅಂಚೆ ಗಾಡಿ ನಿಂತಿತು. ಲಾಯ ಖಾಲಿಯಾಗುತ್ತ ಬಂತು. ಕುದುರೆಗಳಿಲ್ಲದ ಕಸ್ಸಿಯಾನ್ ದಿನಾ ಮಧ್ಯಾಹ್ನ ಸೇತುವೆ ದಾಟಿ ಹೋಗಿ ನಾದಿನಿಯ ಮನೆಯ ಬೆಂಚಿನ ಮೇಲೆ ಬಿಯರ್ ಕುಡಿಯುತ್ತ ಕೂರತೊಡಗಿದ.

"ಅಲ್ಲೇನ್ ಇದೆ ಅಂತ ಹೋಗ್ತೀರಿ?"

"ಎಂಜಿನ್ನು."

"ಎಂಜಿನ್ ನೋಡೋಕೆ ಅಷ್ಟು ಹೊತ್ತು ಬೇಕಾ?"

"ಲೆಂಜ್ ಕಥೆ ಹೇಳ್ತಾನೆ. ಚೆನ್ನಾಗಿರುತ್ತೆ," ಎಂದ ಕಸ್ಸಿಯಾನ್. ಮನೆಯಲ್ಲಿ ಒಂದು ವಾರಕ್ಕೆ ಆಡುವಷ್ಟು ಮಾತು ಅದು. ವ್ರೋನಿ ಕಿಟಕಿಯ ಹತ್ತಿರ ಹೋಗಿ ನಿಂತಳು. ರೈಲು ಹೋದರೆ ಹೋಗಲಿ, ಗಂಡನ ಮಾತೂ ಆ ಕಡೆಗೇ ಹೋಯಿತಲ್ಲ!

ಆಗ ಅವಳ ಕಣ್ಣಿಗೆ ಬಿದ್ದದ್ದು ಸ್ಟೇಷನ್ನಿನ ಬೋರ್ಡು. ಅದರ ಮೇಲೆ 'ವಿಂಕೆಲ್' ಎಂದು ಬರೆದಿತ್ತು. ಇಗರ್ಜಿ, ಶಾಲೆ, ಸ್ಮಶಾನ ಎಲ್ಲ ಇರುವುದು ಸೊನ್‌ಬರ್ಗಿನಲ್ಲಿ. ಹೆಸರು ಮಾತ್ರ ಒಂದು ಜವುಗಿನದೇ? ವ್ರೋನಿ ಉಳಿದ ಎರಡು ಕುದುರೆ ಕಟ್ಟಿಸಿ ಪಟ್ಟಣಕ್ಕೆ ಹೊರಟಳು. ರೈಲಿನಲ್ಲಾದರೆ ಒಂದು ಬೆಳಗಿನ ದಾರಿ. ಅವಳು ದಾರಿಯಲ್ಲಿ ಒಂದು ರಾತ್ರಿ ಉಳಿದು, ಮಾರನೆಯ ದಿನ ಬೂಟಿನ ತುಂಬ ಕೆಸರು ಮಾಡಿಕೊಂಡು ಕಚೇರಿ ಹೊಕ್ಕಳು. ಅಧಿಕಾರಿಗಳು ಸುಸ್ತಾಗುವವರೆಗೆ ವಾದ ಮಾಡಿದಳು. ಶರತ್ಕಾಲದಲ್ಲಿ ಬೋರ್ಡು ಬದಲಾಯಿತು. 'ಸೊನ್‌ಬರ್ಗ್' ಎಂಬ ದೊಡ್ಡ ಅಕ್ಷರ ಹೊಳೆಯ ಈಚೆಗೂ ಕಾಣುತ್ತಿತ್ತು. ವ್ರೋನಿ ಅಂದು ಊರಿನ ಗಂಡಸರಿಗೆಲ್ಲ ಬಿಟ್ಟಿಯಾಗಿ ದ್ರಾಕ್ಷಾರಸ ಹಂಚಿದಳು.

ಮುಂದಿನ ಬೇಸಿಗೆಯಲ್ಲಿ ಆದದ್ದೇ ಬೇರೆ. ಒಳ್ಳೆಯ ಗಾಳಿ, ಒಳ್ಳೆಯ ಬಿಸಿಲು ಎಂದು ಸೊನ್‌ಬರ್ಗಿನ ಹೆಸರು ಕೇಳಿ ಪಟ್ಟಣದವರು ಬಂದರು. ಬೋರ್ಡು ನೋಡಿ ಇಳಿದರು. ಬೋರ್ಡಿನ ಪಕ್ಕದಲ್ಲೇ ಒಟ್ಟಿಲಿಯ ಬಾಗಿಲು.

"ಸೊನ್‌ಬರ್ಗ್ ಇದೇ ಅಲ್ವಾ?"

"ಊರು ಮೇಲಿದೆ ಕಣಮ್ಮಾ, ಹೆಸರು ಮಾತ್ರ ಕೆಳಗೆ ಬಂದಿದೆ," ಎಂದು ಒಟ್ಟಿಲಿ ಸುಳ್ಳು ಹೇಳದೆ ಬೆರಳು ತೋರಿಸುತ್ತಿದ್ದಳು. ಅವರು ಏರುದಾರಿಯನ್ನೊಮ್ಮೆ, ಕೈಲಿದ್ದ ಪೆಟ್ಟಿಗೆಯನ್ನೊಮ್ಮೆ ನೋಡಿ ಅವಳ ಮನೆಯೊಳಗೇ ನುಗ್ಗುತ್ತಿದ್ದರು. ವಿಂಕೆಲ್ ಎಂಬ ಹೆಸರಿಗೆ ಒಬ್ಬರೂ ಬರುತ್ತಿರಲಿಲ್ಲ. ತಂಗಿಗೆ ಗಿರಾಕಿಗಳನ್ನು ಕರೆತಂದುಕೊಟ್ಟವಳು ವ್ರೋನಿಯೇ ಎಂದು ಊರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿತು.

ಬೇರೆ ದಾರಿ ಕಾಣದೆ ವ್ರೋನಿ ಪ್ರಯಾಣಿಕರನ್ನು ಮೇಲೆ ಕರೆದೊಯ್ಯಲು ತಾನೇ ಗಾಡಿ ಹೊಡೆದುಕೊಂಡು ಸ್ಟೇಷನ್ನಿಗೆ ಬಂದು ನಿಲ್ಲತೊಡಗಿದಳು. ಒಟ್ಟಿಲಿಯ ಅಂಗಳದಲ್ಲೇ ನಿಲ್ಲಬೇಕು. ಗಾಡಿ ತಿರುಗಿಸಲು ಬೇರೆ ಜಾಗವಿಲ್ಲ. ಆ ಕಡೆ ನೋಡದೆ ಕುದುರೆಯ ಕಿವಿ ನೋಡುತ್ತ ಕೂರುತ್ತಿದ್ದಳು.

ಜನವರಿಯ ಒಂದು ಮಧ್ಯಾಹ್ನ, ಹಿಮ ಸುರಿದು ರೈಲು ತಡವಾಗಿತ್ತು. ಒಟ್ಟಿಲಿ ಹೊರಗೆ ಬಂದಳು.

"ಅಕ್ಕಾ, ಒಳಗೆ ಬಾ. ಒಲೆ ಹತ್ತಿರ ಕೂತ್ಕೋ."

"ನಂಗೇನ್ ಚಳಿಯಿಲ್ಲ."

"ಟೋಪಿ ಮೇಲೆ ಗೇಣುದ್ದ ಹಿಮ ಕೂತಿದೆ. ಎಷ್ಟು ದಿನ ಅಂತ ಹೀಗೆ ಉರೀತಾ ಇರ್ತೀಯ?"

"ಉರಿಯೋಕೆ ಇಲ್ಲೇನಿದೆ? ಹೊಗೆ, ಸದ್ದು. ಹಗಲಲ್ಲೂ ಕತ್ತಲೆ."

ಒಟ್ಟಿಲಿ ಅಂದು ನಗಲಿಲ್ಲ.

"ಹೌದು, ಕತ್ತಲೆ. ನನ್ನ ದೊಡ್ಡವಳು ರೋಸ್ಲ್ ಕೆಮ್ಮಿ ಕೆಮ್ಮಿ ಸತ್ತದ್ದು ಇದೇ ಕತ್ತಲೆಲಿ. ಆ ಚಳಿಗಾಲ ಇಲ್ಲಿಂದ ನಿನ್ನ ಗೋಡೆ ನೋಡ್ತಿದ್ದೆ. ಬಂಗಾರದ ಹಾಗೆ ಹೊಳೀತಿತ್ತು. ಆ ಮನೆಗೆ ಬೆಂಕಿ ಬೀಳಬಾರದಾ ಅಂತ ಬೇಡ್ಕೊಂಡಿದೀನಿ, ಗೊತ್ತಾ? ದೇವರ ಮುಂದೆ, ಮೊಣಕಾಲೂರಿ."

ವ್ರೋನಿ ಮೊದಲ ಸಲ ಕುದುರೆಯ ಕಿವಿ ಬಿಟ್ಟು ತಂಗಿಯ ಕಡೆ ತಿರುಗಿದಳು. ಆ ಮಗುವನ್ನು ನಮ್ಮ ಬಿಸಿಲಿನ ಕೋಣೆಯಲ್ಲಿ ಮಲಗಿಸು ಎಂದು ತಾನು ಒಂದು ಮಾತೂ ಹೇಳಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಆದರೂ ಬಾಯಿಂದ ಬಂದದ್ದು ಜಗಳದ ಮಾತೇ.

"ಹಲ್ಕಿರಿದುಕೊಂಡು ನಿಲ್ತಿದ್ದೆಯಲ್ಲೇ! ಅಷ್ಟು ಸಂಕಟ ಇದ್ರೆ ಬಾಯಿಬಿಟ್ಟು ಬೈಬಾರದಿತ್ತಾ? ಮಗೂನ ತಂದು ನನ್ನ ಹಾಸಿಗೆ ಮೇಲೆ ಹಾಕಬಾರದಿತ್ತಾ?"

"ನೀನು ಕರೀಲಿಲ್ಲ."

"ಕರೀಲಿಲ್ಲ," ಎಂದಳು ವ್ರೋನಿ. ಆಮೇಲೆ ಗಾಡಿಯಿಂದಿಳಿದು, ಟೋಪಿ ಕೊಡವಿ, ತಂಗಿಗಿಂತ ಮುಂದಾಗಿ ಬಾಗಿಲು ದಾಟಿದಳು. ಒಲೆಯ ಹತ್ತಿರ ಲೆಂಜ್ ಮತ್ತು ಕಸ್ಸಿಯಾನ್ ಇಬ್ಬರೂ ಗಾಬರಿಯಿಂದ ಎದ್ದು ನಿಂತರು.

ಆ ವರ್ಷದಿಂದ ಎದೆಯ ಕಾಯಿಲೆಯವರು, ಬಾಣಂತಿಯರು, ವಯಸ್ಸಾದವರು ಇಳಿದರೆ ಒಟ್ಟಿಲಿ ಅವರನ್ನು ಅಕ್ಕನ ಗಾಡಿಗೆ ಹತ್ತಿಸುತ್ತಿದ್ದಳು. ಬೇಟೆಗಾರರು, ವ್ಯಾಪಾರಿಗಳು ಅವಳಲ್ಲೇ ಉಳಿಯುತ್ತಿದ್ದರು. ಎರಡು ಮನೆಗೂ ಕೆಲಸ ಸಿಕ್ಕಿತು. ಹಾಗೆಂದು ವ್ರೋನಿಯ ಸ್ವಭಾವ ಎಲ್ಲಿ ಹೋಗಬೇಕು? ಗಂಡಂದಿರಿಬ್ಬರೂ ತೀರಿಕೊಂಡ ಮೇಲೆ ಒಟ್ಟಿಲಿ ಚಳಿಗಾಲ ಬಂದರೆ ಮಗಳ ಕೈಗೆ ಸ್ಟೇಷನ್ ಮನೆ ಒಪ್ಪಿಸಿ ಅಂಚೆಮನೆಗೆ ಬಂದು ಇರುತ್ತಿದ್ದಳು. ಅತಿಥಿಗಳು ಊಟ ಮುಗಿದರೂ ಏಳದೆ ಅವಳ ಸುತ್ತ ಕೂರುತ್ತಿದ್ದರು.

"ಬೇಯ್ಸೋಳು ನಾನು. ಕುರ್ಚಿ ಎಳ್ಕೊಂಡು ಹೋಗೋದು ಅವಳ ಹತ್ರ," ಎಂದು ವ್ರೋನಿ ಅಡುಗೆಮನೆಯಲ್ಲಿ ಪಾತ್ರೆ ಕುಟ್ಟುತ್ತಿದ್ದಳು.

ದೊಡ್ಡ ಯುದ್ಧ ಮುಗಿದ ಮೇಲೆ ಸರ್ಕಾರ ಹಳೆಯ ಘಾಟಿ ರಸ್ತೆ ಅಗಲ ಮಾಡಿತು. ಜಾರುವ ಬೆಟ್ಟಕ್ಕೆ ಕಲ್ಲಿನ ತಡೆಗೋಡೆ ಕಟ್ಟಿತು. ಹಳದಿ ಬಣ್ಣದ ಅಂಚೆ ಬಸ್ಸು ಬಂತು. ಅದರ ನಿಲ್ದಾಣ ಸರಿಯಾಗಿ ವ್ರೋನಿಯ ಮನೆ ಮುಂದೆ. ಘಾಟಿಗೆ ಹೋಗುವ ಜನ ರೈಲು ಬಿಟ್ಟು ಬಸ್ಸು ಹತ್ತುತ್ತಾರೆ, ಕೆಳಗಿನ ಸ್ಟೇಷನ್ನಿಗೆ ಇನ್ನು ಕಷ್ಟ ಎಂದು ಊರಲ್ಲಿ ಮಾತಾಯಿತು. ವ್ರೋನಿಗೆ ಆಗ ಎಪ್ಪತ್ತು ದಾಟಿತ್ತು. ಮೊದಲ ಬಸ್ಸು ಬರುವ ದಿನ ಕರಿ ರೇಷ್ಮೆಯ ಉಡುಪು ತೊಟ್ಟು ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ಒಟ್ಟಿಲಿಗೆ ಬೇಕೆಂದೇ ಪಕ್ಕದಲ್ಲೇ ಕುರ್ಚಿ ಹಾಕಿಸಿದ್ದಳು. ಅವಳ ಮುಖ ಹೇಗಾಗುತ್ತದೆಂದು ನೋಡಬೇಕಿತ್ತು.

ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಿತು. ಕೊಂಬು ಮೊಳಗಿಸಿತು.

"ಅಯ್ಯೋ ಅಕ್ಕಾ, ಎಷ್ಟು ಚೆನ್ನಾಗಿದೆಯೇ!" ಎಂದು ಒಟ್ಟಿಲಿ ಎರಡೂ ಕೈ ತಟ್ಟಿದಳು. ಬಸ್ಸು ನಿಂತದ್ದೇ ತಡ, ಕೋಲೂರಿಕೊಂಡು ಹೋಗಿ ಡ್ರೈವರ್ ಪಕ್ಕದ ಸೀಟು ಹಿಡಿದು ಕೂತಳು. "ಬಾರೇ, ಘಾಟಿವರೆಗೂ ಹೋಗಿ ಬರೋಣ!"

ವ್ರೋನಿ ಏಳಲಿಲ್ಲ. ಬಸ್ಸು ತಂಗಿಯನ್ನು ಕೂರಿಸಿಕೊಂಡು ಮೇಲಿನ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿ, ಬಸ್ಸು ನೋಡಲು ಬಂದು ಪಕ್ಕದಲ್ಲಿ ನಿಂತಿದ್ದ ನಮ್ಮಮ್ಮನ ಕಡೆ ತಿರುಗಿದಳು.

"ನೋಡಿದ್ಯೇನೇ? ಒಂದ್ ಚೂರಾದ್ರೂ ಹೊಟ್ಟೆ ಉರೀತಾ ಅವಳಿಗೆ?" ಎಂದಳು. "ಹಾಗಿರೋಕೆ ಅವಳಿಗೆ ಮಾತ್ರ ಹೇಗಾಗುತ್ತೋ!"